ಹೌಸ್‌ಗೆ ಎಚ್ ಇಲ್ಲ, ಎಗ್‌ಗೆ ಎಚ್ ಇದೆ! ಸ್ಪೆಲಿಂಗ್ ಹೇಗೆ ಕಲಿಸ್ತೀರಿ?

ಪ್ರಶ್ನೆ (ಸಕಲೇಶಪುರ ತಾಲ್ಲೂಕು):
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಆರು, ಏಳನೇ ಕ್ಲಾಸಿಗೆ ಇಂಗ್ಲಿಷ್ ತಗೋತೀನಿ. ಬೋರ್ಡ್ ಮೇಲಿದ್ದದ್ದನ್ನ ನಾಲ್ಕು ಗೆರೆ ಪುಸ್ತಕಕ್ಕೆ ಮುತ್ತು ಪೋಣಿಸಿದ ಹಾಗೆ ಇಳಿಸ್ತಾರೆ. ಅದೇ ಪದಾನ ಉಕ್ತಲೇಖನ ಕೊಟ್ಟರೆ ಎಲ್ಲಾ ಅಯೋಮಯ. ಮೊನ್ನೆ ಒಬ್ಬಳು ಹೌಸ್‌ಗೆ ಓ, ಯು, ಎಸ್, ಇ ಬರೆದಿದ್ದಳು, ಎಚ್ಚೇ ಇಲ್ಲ. ಅದರ ಕೆಳಗೇ ಎಗ್‌ಗೆ ಎಚ್, ಇ, ಜಿ! ತಪ್ಪಿದ್ದನ್ನ ಹತ್ತು ಸಲ ಬರೆಸ್ತೀನಿ. ಏಳನೇ ಸಲಕ್ಕೆ ಒಂದಕ್ಷರ ಬಿಟ್ಟುಹೋಗುತ್ತೆ, ಮಿಕ್ಕ ಮೂರು ಸಲ ಆ ತಪ್ಪೇ ನಕಲಾಗುತ್ತೆ. ನೀವೆಲ್ಲ ಏನು ಮಾಡ್ತೀರಿ?

ಉತ್ತರ 1 (ಅರಸೀಕೆರೆ, ನಿವೃತ್ತ ಮೇಷ್ಟ್ರು):
ಮೇಡಂ, ಆ ಹುಡುಗಿ ಬಾಯಲ್ಲಿ ಬಂದದ್ದನ್ನ ಪ್ರಾಮಾಣಿಕವಾಗಿ ಬರೆದಿದಾಳೆ, ಬೈಬೇಡಿ. ನಮ್ಮ ಹಳ್ಳಿಗಳಲ್ಲಿ ಹಾಲು ಆಲು, ಹಾಸನ ಆಸನ. ಹ ಬಿಟ್ಟುಹೋಗುತ್ತೆ ಅನ್ನೋ ಅಂಜಿಕೆಗೆ ಇಲ್ಲದ ಕಡೆ ತಂದು ಕೂರಿಸ್ತೀವಿ, ಅದೇ ನಿಮ್ಮ ‘ಹೆಗ್’. ಕನ್ನಡದಲ್ಲಿ ಅಂದಂಗೆ ಬರೆದರೆ ಹೆಚ್ಚುಕಮ್ಮಿ ನಡೆಯುತ್ತೆ. ಇಂಗ್ಲಿಷ್‌ನೋರು 26 ಅಕ್ಷರದ ಕೈಲಿ ಸುಮಾರು 44 ಧ್ವನಿ ದುಡಿಸ್ತಾರಲ್ಲ, ಅಲ್ಲಿ ಈ ಲೆಕ್ಕ ತಪ್ಪುತ್ತೆ.

ನಾನು ಮಾಡ್ತಿದ್ದದ್ದು ಇಷ್ಟೆ. ಅಂಗೈ ಬಾಯಿ ಮುಂದೆ ಹಿಡಿಸಿ ‘ಇಲ್, ಹಿಲ್’, ‘ಈಟ್, ಹೀಟ್’, ‘ಆರ್ಮ್, ಹಾರ್ಮ್’ ಅನ್ನಿಸೋದು. ಕೈಗೆ ಬಿಸಿಯುಸಿರು ತಾಗಿದರೆ ಎಚ್ ಹಾಕು, ಇಲ್ದಿದ್ರೆ ಬೇಡ. ಇದು ಗಟ್ಟಿಯಾದ ಮೇಲೆ ಗಂಟೆಯ ‘ಅವರ್’ ತೋರಿಸಿ. ಅಲ್ಲಿ ಇಂಗ್ಲಿಷ್‌ನೋರೇ ಎಚ್ ನುಂಗ್ತಾರೆ ಅಂದ್ರೆ ಮಕ್ಕಳಿಗೆ ಎಲ್ಲಿಲ್ಲದ ಖುಷಿ.

ಉತ್ತರ 2 (ಮೂಡಿಗೆರೆ):
ಹತ್ತು ಸಲ ಬರೆಸೋದು ಬಿಟ್ಟುಬಿಡಿ ಅಕ್ಕಾ. ನೋಡು, ಮುಚ್ಚು, ಬರೆ, ತೆಗೆದು ಹೋಲಿಸು. ಮೂರು ಸಲ ಸಾಕು. ಮುಚ್ಚೋದೇ ಮುಖ್ಯ, ಇಲ್ಲಾಂದ್ರೆ ಕೈ ಬರೀತಿರುತ್ತೆ, ತಲೆ ಕಾಫಿ ತೋಟದಲ್ಲಿರುತ್ತೆ.

ಜೊತೆಗೆ ಊರಿನ ಹೆಸರು ಹಿಡೀರಿ. ಚಿಕ್ಕಮಗಳೂರಿನ ಇಂಗ್ಲಿಷ್ ಸ್ಪೆಲಿಂಗ್ 2014ರ ನವೆಂಬರ್ 1ಕ್ಕೆ ಬದಲಾಯ್ತಲ್ಲ, ಹಳೇದು 11 ಅಕ್ಷರ, ಹೊಸದು 14. ಎರಡನ್ನೂ ಬೋರ್ಡ್ ಮೇಲೆ ಬರೆದು, ಸೇರಿದ ಮೂರು ಯಾವುವು ಹುಡುಕಿ ಅಂತೀನಿ. ಒತ್ತಿಗೆ ಇನ್ನೊಂದು ಕೆ, ಅದರ ಮುಂದೆ ಎ, ಕೊನೇಲಿ ಯು. ನಿಮ್ಮ ಹಾಸನದಲ್ಲಿ ಇರೋದು ಒಂದೇ ಸ, ಇಂಗ್ಲಿಷಲ್ಲಿ ಎಸ್ ಎರಡು. ಯಾಕೆ ಅಂತ ನಮ್ಮ ಹುಡುಗನೊಬ್ಬ ಕೇಳಿದ, ನಾನು ಕೆಮ್ಮಿದೆ.

ಉತ್ತರ 3 (ಹೊಳೆನರಸೀಪುರ):
ಎಲ್ಲಾ ಚೆನ್ನಾಗಿದೆ. ಪಾಠ ಯಾವಾಗ ಮುಗಿಸೋದು?

ಪ್ರಶ್ನೆ ಕೇಳಿದವರು:
ಪಾಠ ಹಿಂದೆ ಬಿದ್ದಿದೆ, ಸುಳ್ಳು ಹೇಳಲ್ಲ. ಆದ್ರೆ ನಿನ್ನೆ ಉಕ್ತಲೇಖನಕ್ಕೆ ಆ ಹುಡುಗಿ ಎಡಗೈ ಬಾಯಿ ಮುಂದೆ ಹಿಡ್ಕೊಂಡೇ ಬರೆದಳು. ಹೌಸ್ ಸರಿ. ಎಗ್‌ನ ಎಚ್ ಹೋಗಿದೆ ಮೇಷ್ಟ್ರೇ, ಜಿ ಮಾತ್ರ ಇನ್ನೂ ಒಂದೇ.