ಬಂಕಿನಲ್ಲಿ 32, ಬೆಳಗ್ಗೆ 28: ಲಾಂಗ್ ರೈಡಿಗೆ ಟಯರ್ ಗಾಳಿ ಎಷ್ಟಿರಬೇಕು?

ಪ್ರಶ್ನೆ (ಶಿರಸಿಯಿಂದ)
ನಮಸ್ಕಾರ. ನನ್ನದು ಪಲ್ಸರ್ 150, ಟ್ಯೂಬ್‌ಲೆಸ್ ಟಯರ್. ಮುಂದಿನ ವಾರ ಹೆಂಡತಿ ಜೊತೆ ಕುಮಟಾ, ಕಾರವಾರ, ಗೋವಾ ದಾಟಿ ರತ್ನಾಗಿರಿವರೆಗೆ ಹೋಗುವ ಪ್ಲಾನ್ ಇದೆ. ಎರಡೂ ಬದಿ ಬ್ಯಾಗ್ ಕಟ್ಟುತ್ತೇವೆ. ನಿನ್ನೆ ಮಧ್ಯಾಹ್ನ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದವನೇ ಶಿರಸಿಯ ಬಂಕಿನಲ್ಲಿ ಹಿಂದಿನ ಟಯರಿಗೆ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿಸಿದೆ. ಇವತ್ತು ಬೆಳಗ್ಗೆ ಗೇಜ್ ಹಿಡಿದು ನೋಡಿದರೆ 28! ಪಂಕ್ಚರ್ ಇರಬಹುದಾ? ಗೆಳೆಯ ಬೇರೆ "ದೂರ ಹೋಗುವಾಗ ಟಯರ್ ಕಾಯುತ್ತದೆ, ಗಾಳಿ ಸ್ವಲ್ಪ ಕಮ್ಮಿಯೇ ಇರಲಿ" ಅನ್ನುತ್ತಿದ್ದಾನೆ.

ಉತ್ತರ (ಕಾರವಾರದಿಂದ)
ಪಂಕ್ಚರ್ ಅಂತ ಈಗಲೇ ಹೆದರಬೇಡಿ. ಘಟ್ಟ ಹತ್ತಿ ಬಂದ ಟಯರ್ ಕಾದಿತ್ತು, ಅಲ್ವಾ? 10 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಮ್ಮಿ ಒಂದೂವರೆ ಪಿಎಸ್‌ಐ ಏರುತ್ತದೆ. ಮಧ್ಯಾಹ್ನದ ಟಯರಿಗೂ ಶಿರಸಿಯ ಬೆಳಗಿನ ಚಳಿಗೂ 25 ಡಿಗ್ರಿ ಅಂತರ ಇದ್ದರೆ ಲೆಕ್ಕ ಸರಿಯಾಯಿತು. ಬಂಕಿನ ಗೇಜಿಗೂ ನಿಮ್ಮ ಗೇಜಿಗೂ ವ್ಯತ್ಯಾಸ ಇರಬಹುದು. ಹಾಗಾಗಿ ಯಾವಾಗಲೂ ಒಂದೇ ಗೇಜ್ ಬಳಸಿ.

ಕಂಪನಿ ಹೇಳುವ ಲೆಕ್ಕ ತಣ್ಣಗಿನ ಟಯರಿನದು. ಗಾಡಿ ಮೂರು ಗಂಟೆಯಾದರೂ ನಿಂತಿರಬೇಕು. ಪಲ್ಸರ್ 150ಕ್ಕೆ ಸಾಮಾನ್ಯವಾಗಿ ಮುಂದೆ 25, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 32. ನಿಮ್ಮ ಗಾಡಿಯ ಸ್ಟಿಕ್ಕರ್ ಬೇರೆ ಹೇಳಿದರೆ ಅದನ್ನೇ ನಂಬಿ. ಟಯರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ಹಾಕಿಸಲು ಹೋಗಬೇಡಿ.

ಗೆಳೆಯರ ಮಾತು ದಯವಿಟ್ಟು ಕೇಳಬೇಡಿ. ಗಾಳಿ ಕಮ್ಮಿಯಾದರೆ ಟಯರಿನ ಪಕ್ಕದ ಭಾಗ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತದೆ. ಬಿಸಿ ಹುಟ್ಟುವುದೇ ಅಲ್ಲಿ. ಇಬ್ಬರು ಕೂತು ಲಗೇಜೂ ಇದ್ದರೆ ಇನ್ನೂ ಅಪಾಯ. ತಿರುವಿನಲ್ಲಿ ಗಾಡಿ ಓಲಾಡುವುದು ಬೇರೆ.

ಆದರೂ ಒಮ್ಮೆ ಪರೀಕ್ಷೆ ಮಾಡಿಬಿಡಿ. ಸೋಪಿನ ನೀರನ್ನು ವಾಲ್ವಿನ ಬಾಯಿಗೆ, ಅದರ ಬುಡಕ್ಕೆ, ರಿಮ್ಮಿನ ಅಂಚಿಗೆ ಹಚ್ಚಿ ಸುಮ್ನೆ ನೋಡುತ್ತಾ ಇರಿ. ಸಣ್ಣ ಗುಳ್ಳೆ ಮತ್ತೆ ಮತ್ತೆ ಎದ್ದರೆ ಸೋರುತ್ತಿದೆ ಅಂತ ಅರ್ಥ. ಬಾಯಲ್ಲೇ ಎದ್ದರೆ ಒಳಗಿನ ಪಿನ್ ಬದಲಿಸಿದರೆ ಸಾಕು, ದೊಡ್ಡ ಖರ್ಚಲ್ಲ.

ಪ್ರಶ್ನೆ ಕೇಳಿದವರು
ಗುಳ್ಳೆ ಎಲ್ಲೂ ಬರಲಿಲ್ಲ. ಬೆಳಗ್ಗೆ ತಣ್ಣಗಿದ್ದಾಗ 32 ಮಾಡಿದ್ದೆ, ಮರುದಿನ ಬೆಳಗ್ಗೆಯೂ 32 ಇದೆ. ತುಂಬಾ ಥ್ಯಾಂಕ್ಸ್ ಮಾರಾಯ್ರೆ. ಇನ್ನೊಂದು ಸಂಶಯ: ಘಟ್ಟ ಇಳಿದು ಸಮುದ್ರದ ಮಟ್ಟಕ್ಕೆ ಬಂದರೆ ಗಾಳಿ ಬದಲಿಸಬೇಕಾ?

ಉತ್ತರ (ಕಾರವಾರದಿಂದ)
ಬೇಡ. ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕೆಳಗೆ ಹೊರಗಿನ ಗಾಳಿಯ ಒತ್ತಡ ಜಾಸ್ತಿ, ಹಾಗಾಗಿ ಗೇಜ್ ಒಂದು ಪಿಎಸ್‌ಐ ಕಮ್ಮಿ ತೋರಿಸಬಹುದು. ಕರಾವಳಿಯ ಸೆಕೆ ಅದನ್ನು ಸರಿದೂಗಿಸುತ್ತದೆ. ಹೆದ್ದಾರಿ 66ರಲ್ಲಿ ಓಡಿಸಿ ನಿಲ್ಲಿಸಿದಾಗ 35 ತೋರಿಸಿದರೂ ಗಾಳಿ ಬಿಡಬೇಡಿ. ಬಿಟ್ಟು 32ಕ್ಕೆ ತಂದರೆ ತಣ್ಣಗಾದ ಮೇಲೆ 29ಕ್ಕೆ ಇಳಿದಿರುತ್ತದೆ. ಉಳಿದುಕೊಂಡ ಊರಲ್ಲಿ ಬೆಳಗ್ಗೆ ಹೊರಡುವ ಮುಂಚೆ ಒಮ್ಮೆ ಗೇಜ್ ಹಿಡಿಯಿರಿ, ಕಮ್ಮಿ ಇದ್ದರೆ ಹತ್ತಿರದ ಬಂಕಿನಲ್ಲಿ ಅಷ್ಟೇ ತುಂಬಿಸಿಕೊಳ್ಳಿ.