ಇಂಡೀ ರಾಕ್‌ನಲ್ಲಿ ಇನ್ನು ತಂಡಕ್ಕೆ ಜಾಗವಿದೆಯೇ?

ಬೆಣ್ಣೆನಗರಿ ಗಿಟಾರು (ದಾವಣಗೆರೆ):
ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬ ಕಾಪಿ ಮಾಡಿ ಕೊಟ್ಟ ಸಿ.ಡಿ.ಯಲ್ಲಿ ‘ದಿ ಸ್ಟ್ರೋಕ್ಸ್’ ತಂಡದ 2001ರ ‘ಈಸ್ ದಿಸ್ ಇಟ್’ ಆಲ್ಬಮ್ ಕೇಳಿದ್ದೆ. ಒಂದು ಗಿಟಾರು ಕೇಳಿದ್ದಕ್ಕೆ ಇನ್ನೊಂದು ಉತ್ತರ ಕೊಡುವಂತಿದ್ದ ಆ ನುಡಿಸಾಣಿಕೆ ಇಂದಿಗೂ ಕಿವಿಯಲ್ಲಿದೆ. ಈಗ ಇಂಡೀ ರಾಕ್ (ದೊಡ್ಡ ಕಂಪನಿಗಳ ಹಂಗಿಲ್ಲದೆ ಸ್ವತಂತ್ರವಾಗಿ ಹೊರಟ ರಾಕ್) ಎಂಬ ಹೆಸರಿನಲ್ಲಿ ಬರುವ ಹಾಡುಗಳಲ್ಲಿ ಸಿಂತ್ (ಸದ್ದನ್ನು ವಿದ್ಯುತ್ತಿನಿಂದ ಹುಟ್ಟಿಸುವ ಸಿಂಥಸೈಜರ್ ವಾದ್ಯ) ಮುಂದೆ, ಗಿಟಾರು ಹಿಂದೆ. ‘ಟೇಮ್ ಇಂಪಾಲಾ’ ಹೆಸರು ತಂಡದ್ದು, ಆದರೆ ಸ್ಟುಡಿಯೋದಲ್ಲಿ ಬಹುಮಟ್ಟಿಗೆ ಎಲ್ಲವನ್ನೂ ನುಡಿಸುವವರು ಕೆವಿನ್ ಪಾರ್ಕರ್ ಒಬ್ಬರೇ. 2015ರ ‘ಕರೆಂಟ್ಸ್’ ಆಲ್ಬಮ್ ಹೊತ್ತಿಗೆ ಅವರೂ ಗಿಟಾರನ್ನು ಬದಿಗಿಟ್ಟು ಸಿಂತ್ ಕಡೆ ವಾಲಿದರು. ನಾಲ್ಕು ಜನ ಜಗಳವಾಡಿ ಕಟ್ಟಿದ ಹಾಡಿಗೆ ಇರುವ ಕಸುವು ಒಬ್ಬರೇ ಕೂತು ಹೊಂದಿಸಿದ ಹಾಡಿಗೆ ಇರುವುದಿಲ್ಲ ಎಂಬುದು ನನ್ನ ವಾದ.

ಕೋಟೆಯ ಕೇಳುಗ (ಚಿತ್ರದುರ್ಗ):
ಒಂದು ತಿದ್ದುಪಡಿ. ‘ಈಸ್ ದಿಸ್ ಇಟ್’ ಬ್ರಿಟನ್ನಿನಲ್ಲಿ ಸ್ವತಂತ್ರ ಸಂಸ್ಥೆಯಾದ ರಫ್ ಟ್ರೇಡ್‌ನಿಂದ ಬಂದಿತ್ತಾದರೂ ಅಮೆರಿಕದಲ್ಲಿ ಅದನ್ನು ಹೊರತಂದದ್ದು ಆರ್‌ಸಿಎ ಎಂಬ ದೊಡ್ಡ ಕಂಪನಿ. ಅಂದರೆ ‘ಇಂಡೀ’ ಎನ್ನುವುದು ಆಗಲೇ ಹಣ ಹಾಕುವವರು ಯಾರು ಎಂಬ ಪ್ರಶ್ನೆಯಾಗಿ ಉಳಿಯದೆ ಒಂದು ಶೈಲಿಯ ಹೆಸರಾಗಿತ್ತು. ತಂಡವೇ ಹೋಯಿತೆಂಬ ಮಾತನ್ನೂ ಒಪ್ಪಲಾರೆ. 2024ರಲ್ಲಿ ರಾಕ್ ಮತ್ತು ಆಲ್ಟರ್‌ನೇಟಿವ್ ವಿಭಾಗಗಳಲ್ಲಿ ಮೂರು ಗ್ರ್ಯಾಮಿ ಗೆದ್ದ ‘ಬಾಯ್‌ಜೀನಿಯಸ್’ ಮೂವರು ಹೆಣ್ಣುಮಕ್ಕಳ ತಂಡ. ನಾವು ಪೋಸ್ಟರ್ ಅಂಟಿಸಿಕೊಂಡಿದ್ದ ತಂಡಗಳಲ್ಲಿ ಹೆಂಗಸರು ಎಷ್ಟು ಮಂದಿ ಇದ್ದರು, ನೆನಪು ಮಾಡಿಕೊಳ್ಳಿ. ನನಗೆ ಇದು ಸಿಂತ್‌ಗಿಂತ ದೊಡ್ಡ ಬದಲಾವಣೆಯಾಗಿ ಕಾಣುತ್ತದೆ.

ಭಟ್ಟಿ ಪಕ್ಕದ ಮನೆ (ದಾವಣಗೆರೆ):
ಬೆಣ್ಣೆನಗರಿಯವರೇ, ಒಬ್ಬನೇ ಕೂತು ಹಾಡು ಮಾಡುವವರಲ್ಲಿ ನಾನೂ ಒಬ್ಬ. ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರವಿದೆ. ಭಟ್ಟಿಯ ಸದ್ದಡಗಿದ ಮೇಲೆ, ರಾತ್ರಿ ಒಂದರ ಸುಮಾರಿಗೆ, ಬಾಗಿಲಿಗೆ ಕೌದಿ ಇಳಿಬಿಟ್ಟು, ಫ್ಯಾನ್ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಹಾಡನ್ನು ರೆಕಾರ್ಡ್ ಮಾಡುತ್ತೇನೆ. ಬೀದಿನಾಯಿ ಬೊಗಳಿದರೆ ಮತ್ತೆ ಮೊದಲಿನಿಂದ. ತಂಡ ಬೇಡವೆಂದು ಹೀಗೆ ಮಾಡುತ್ತಿಲ್ಲ. ನಮ್ಮೂರಿನಲ್ಲಿ ಚೆನ್ನಾಗಿ ಡ್ರಮ್ಸ್ ನುಡಿಸುವವರಿದ್ದಾರೆ, ಆದರೆ ಗಣೇಶನ ಹಬ್ಬ ಬಂತೆಂದರೆ ಅವರೆಲ್ಲ ಆರ್ಕೆಸ್ಟ್ರಾಗಳಲ್ಲಿರುತ್ತಾರೆ. ಅಲ್ಲಿ ಅದೇ ರಾತ್ರಿ ಕೈಗೆ ದುಡ್ಡು ಸಿಗುತ್ತದೆ, ನಾನು ಕೊಡುವುದು ಚಹಾ ಮಾತ್ರ. ಡ್ರಮ್ ಸೆಟ್ ಬಾರಿಸಲು ಬಿಡುವ ಮನೆ ಮಾಲೀಕರನ್ನಂತೂ ನಾನಿನ್ನೂ ಕಂಡಿಲ್ಲ. ಹೀಗಾಗಿ ಲ್ಯಾಪ್‌ಟಾಪೇ ನನ್ನ ಡ್ರಮ್ಮರ್.

ಬೆಣ್ಣೆನಗರಿ ಗಿಟಾರು:
ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೂ ಕೇಳುತ್ತೇನೆ: ಕಂಪನಿಯವರ ಹಂಗು ಬೇಡವೆಂದು ಹೊರಟ ಸಂಗೀತ ಈಗ ಯಾರ ಹಂಗಿನಲ್ಲಿದೆ? ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡು ಕೇಳಿದರಷ್ಟೇ ಒಂದು ಎಣಿಕೆ. 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಎಣಿಕೆ ಮುಟ್ಟದ ಹಾಡಿಗೆ ರೆಕಾರ್ಡಿಂಗ್ ರಾಯಧನವೂ ಇಲ್ಲ. ಮೂವತ್ತು ಸೆಕೆಂಡಿನೊಳಗೆ ಹಿಡಿದು ನಿಲ್ಲಿಸಬೇಕೆಂಬ ಅವಸರ ಇರುವಾಗ, ಗಿಟಾರು ನಿಧಾನಕ್ಕೆ ಏರುತ್ತ ಹೋಗುವ ಒಂದು ನಿಮಿಷದ ಪೀಠಿಕೆಯನ್ನು ಯಾರು ಬರೆಯುತ್ತಾರೆ?

ಕೋಟೆಯ ಕೇಳುಗ:
ಈ ಮಾತಿಗೆ ನನ್ನ ತಕರಾರಿಲ್ಲ. ಆದರೆ ಕನ್ನಡದ ಕಥೆ ಸ್ವಲ್ಪ ಬೇರೆ. ರಘು ದೀಕ್ಷಿತ್ ಅವರ 2008ರ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ತತ್ವಪದಗಳಿಗೆ ಗಿಟಾರು, ಡ್ರಮ್ಸ್ ಕೂಡಿಕೊಂಡಾಗ, ಇಂಗ್ಲಿಷಿನಲ್ಲಿ ಹಾಡಿದರೇ ರಾಕ್ ಎಂಬ ನಮ್ಮ ಕೀಳರಿಮೆ ಸ್ವಲ್ಪ ಕರಗಿತು. ನಮ್ಮ ದೊಡ್ಡಪ್ಪ ಭಜನೆಯಲ್ಲಿ ಹಾಡುತ್ತಿದ್ದ ಪದವನ್ನೇ ನಾನು ಹೆಡ್‌ಫೋನಿನಲ್ಲಿ ಕೇಳಿದೆ.

ಭಟ್ಟಿ ಪಕ್ಕದ ಮನೆ:
ಅದರ ಋಣ ದೊಡ್ಡದು, ಒಪ್ಪುತ್ತೇನೆ ಸರ್. ಆದರೆ ಆಮೇಲೆ ಬಂದ ಎಷ್ಟೋ ಮಂದಿ ಶರೀಫರನ್ನೇ ಮತ್ತೆ ಮತ್ತೆ ಹಾಡಿದರು, ತಮ್ಮ ಪದ ಬರೆಯಲಿಲ್ಲ. ನಾನು ಭಟ್ಟಿಯ ಹೊಗೆಯ ಬಗ್ಗೆ, ಹೊಟ್ಟಿನ ರಾಶಿಯ ಬಗ್ಗೆ ನಮ್ಮ ಆಡುಮಾತಿನಲ್ಲೇ ಬರೆದಿದ್ದೇನೆ. ಈವರೆಗೆ ಕೇಳಿದವರು ಇನ್ನೂರು ಜನ ಇರಬಹುದು. ರಾಯಧನದ ಮಾತು ಹಾಗಿರಲಿ, ಇಂಥ ಹಾಡನ್ನು ಯಾವ ಕಂಪನಿಯವರು ತಾನೇ ರೆಕಾರ್ಡ್ ಮಾಡಿಸುತ್ತಿದ್ದರು?

ಬೆಣ್ಣೆನಗರಿ ಗಿಟಾರು:
ಆ ಹಾಡನ್ನು ಈಗಷ್ಟೇ ಎರಡು ಸಲ ಕೇಳಿದೆ. ಪದಗಳು ಚೆನ್ನಾಗಿವೆ, ‘ಹೊಟ್ಟು’ ಎಂಬಲ್ಲಿ ದನಿ ಒಡೆಯುವುದನ್ನು ತಿದ್ದದೆ ಬಿಟ್ಟದ್ದು ಒಳ್ಳೆಯದಾಯಿತು. ಆದರೆ ಎರಡನೆಯ ನುಡಿಗೆ ಬರುವಷ್ಟರಲ್ಲಿ ಡ್ರಮ್ಸ್ ಯಂತ್ರದ್ದೆಂದು ಗೊತ್ತಾಗುತ್ತದೆ. ಪ್ರತಿ ಪೆಟ್ಟೂ ಒಂದೇ ತೂಕ.

ಭಟ್ಟಿ ಪಕ್ಕದ ಮನೆ:
ನನಗೂ ಅದು ಗೊತ್ತು. ಹಬ್ಬದ ಕಾರ್ಯಕ್ರಮಗಳು ಮುಗಿದ ಮೇಲೆ ಗೆಳೆಯನೊಬ್ಬ ಬರುತ್ತೇನೆಂದಿದ್ದಾನೆ. ಜಾಗವೊಂದು ಸಿಕ್ಕರೆ ಎರಡನೆಯ ನುಡಿಯಿಂದ ಮತ್ತೆ ರೆಕಾರ್ಡ್ ಮಾಡುತ್ತೇವೆ.