ಸಹಾಯ ಬೇಕು: ಬಳ್ಳಾರಿಯಲ್ಲಿ ಹಳೇ ಕ್ಯಾಸೆಟ್ ರಿಪೇರಿ ಮಾಡುವವರು ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರ್‌ನ ನಮ್ಮ ಮನೆ ಅಟ್ಟದಲ್ಲಿ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಎಂಬ ಅಮೆರಿಕದ ಐದು ಗಾಯಕರ ಗುಂಪಿನ ಕ್ಯಾಸೆಟ್ ಸಿಕ್ಕಿದೆ. 1999ರಲ್ಲಿ ಬಂದ 'ಮಿಲೇನಿಯಂ' ಆಲ್ಬಂ. ಆಗ ನಾನು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಇಂಗ್ಲಿಷ್ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ನಾನೂ ಅಕ್ಕನೂ ಹಾಡುತ್ತಿದ್ದೆವು. ಐದೂ ಜನರ ದನಿ ಕಣ್ಣು ಮುಚ್ಚಿಕೊಂಡೇ ಗುರುತಿಸುತ್ತಿದ್ದೆ. 2006ರಲ್ಲಿ ಅವರಲ್ಲೊಬ್ಬನಾದ ಕೆವಿನ್ ಗುಂಪು ಬಿಟ್ಟಾಗ ಅತ್ತಿದ್ದೆ. 2012ರಲ್ಲಿ ವಾಪಸ್ ಬಂದಾಗ ಅಕ್ಕನೇ ಫೋನ್ ಮಾಡಿ ಹೇಳಿದ್ದು.

ಹಾಡುಗಳು ಮೊಬೈಲಲ್ಲೂ ಸಿಗುತ್ತವೆ, ನಿಜ. ಇವತ್ತಿಗೂ ದಿನಾ ಕೇಳುತ್ತೇನೆ. ಆದರೆ ಈ ಕ್ಯಾಸೆಟ್‌ನ ಎರಡನೇ ಬದಿಯ ಕೊನೆಯಲ್ಲಿ, ಉಳಿದ ಖಾಲಿ ಟೇಪಿನ ಮೇಲೆ, ನಾವಿಬ್ಬರೂ ಹಾಡಿದ್ದು ರೆಕಾರ್ಡ್ ಆಗಿದೆ. ಹಿಂದೆ ಅಮ್ಮ ರೊಟ್ಟಿ ಬಡಿಯುವ ಸದ್ದು. ಅಮ್ಮ ಈಗಿಲ್ಲ.

ಟೇಪನ್ನು ಒತ್ತಿ ಹಿಡಿಯುವ ಸಣ್ಣ ಸ್ಪಂಜು ಕಿತ್ತುಹೋಗಿದೆ, ಅದಕ್ಕೇ ದನಿ ಮಂಕಾಗಿದೆ. ಡಬ್ಬಿಗೆ ಸ್ಕ್ರೂ ಇಲ್ಲ, ಅಂಟಿಸಿದ್ದು. ಒಂದು ಅಂಗಡಿಯವರು ಬಿಚ್ಚಲು ಹೋಗಿ ಮೂಲೆ ಒಡೆದರು. ಪುಣ್ಯಕ್ಕೆ ಟೇಪಿಗೆ ಏನೂ ಆಗಿಲ್ಲ. ರೀಲನ್ನು ಸ್ಕ್ರೂ ಇರುವ ಬೇರೆ ಕ್ಯಾಸೆಟ್‌ಗೆ ಹಾಕಿ, ಪೆನ್‌ಡ್ರೈವ್‌ಗೆ ಇಳಿಸಿ ಕೊಡುವವರು ಬೇಕು. ಹೊಸಪೇಟೆ, ಕೊಪ್ಪಳ ಆದರೂ ಬರುತ್ತೇನೆ. ಕೊರಿಯರ್ ಮಾತ್ರ ಬೇಡ, ನಾನೇ ಕೈಯಾರೆ ತಂದು ಕೊಡುತ್ತೇನೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.